ಉಳಿದ ಸೋಲಾರ್ ಕರೆಂಟು: ಬ್ಯಾಟರಿಗಾ, ಹೈಡ್ರೋಜನ್‌ಗಾ, ಪಕ್ಕದ ಮನೆಗಾ?

ಛಾವಣಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದ್ದರೆ ಒಳ್ಳೆ ಬಿಸಿಲಿನ ದಿನ 12 ಯೂನಿಟ್ ಆಸುಪಾಸು ಬರುತ್ತದೆ. ಹಗಲು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಹುಪಾಲು ಉಳಿಯುತ್ತದೆ, ಅಲ್ವಾ?

ಲಿಥಿಯಂ ಬ್ಯಾಟರಿಗೆ 10 ಯೂನಿಟ್ ತುಂಬಿದರೆ ಸುಮಾರು 9 ವಾಪಸ್ ಸಿಗುತ್ತದೆ. ಹೈಡ್ರೋಜನ್ ಹಾಗಲ್ಲ. ನೀರು ಒಡೆದು 1 ಕೆಜಿ ಮಾಡಲು 50 ಯೂನಿಟ್‌ಗಿಂತ ಜಾಸ್ತಿ ಬೇಕು, ಅದನ್ನೇ ಹೈಡ್ರೋಜನ್‌ನಿಂದ ಕರೆಂಟು ಮಾಡುವ ಫ್ಯೂಯೆಲ್ ಸೆಲ್‌ಗೆ ಕೊಟ್ಟರೆ ಮತ್ತೆ ಕರೆಂಟಾಗಿ ಕೈಗೆ ಬರುವುದು 16-18 ಯೂನಿಟ್, ಉಳಿದದ್ದರಲ್ಲಿ ಹೆಚ್ಚಿನದು ಬಿಸಿಯಾಗಿ ಹೋಗುತ್ತದೆ (ಜರ್ಮನಿಯಲ್ಲಾದರೆ ಆ ಬಿಸಿಯಿಂದ ಮನೆ ಬೆಚ್ಚಗಿಡಬಹುದು, ನಮಗೆ ಸ್ನಾನದ ನೀರಿಗಷ್ಟೇ). ಒಂದು ಲಾಭ ಇದೆ: ಟ್ಯಾಂಕಿನ ಗ್ಯಾಸು ತಿಂಗಳುಗಟ್ಟಲೆ ಕಾಯುತ್ತದೆ. ಬೇಸಿಗೆಯದ್ದನ್ನು ಚಳಿಗಾಲಕ್ಕೆ ಇಡುವವರಿಗೆ ಅದು ಮುಖ್ಯ.

ಪಕ್ಕದ ಮನೆಗೆ ಮಾರುವುದನ್ನು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2016ರಲ್ಲೇ ಪ್ರಯೋಗ ಮಾಡಿದರು, ಆಮೇಲೆ ಲಖನೌನಲ್ಲೂ ಆಯಿತು. ಕೂಡಿಡುವ ನಷ್ಟವೇ ಇಲ್ಲ. ಆದರೆ ಸ್ಮಾರ್ಟ್ ಮೀಟರ್ ಬೇಕು, ತಂತಿ ವಿದ್ಯುತ್ ಕಂಪನಿಯದ್ದು, ಅವರ ಒಪ್ಪಿಗೆಯೂ ಬೇಕು.

ನನ್ನನ್ನು ಕೇಳಿದರೆ, ಮಾರಲು ದಾರಿಯಿದ್ದರೆ ಮೊದಲು ಮಾರಿ, ರಾತ್ರಿಗೆ ಸಣ್ಣ ಬ್ಯಾಟರಿ ಸಾಕು. ಒಂದೇ ಮನೆಗೆ ಹೈಡ್ರೋಜನ್ ಸುಮ್ನೆ ದುಬಾರಿ ಶೋಕಿ. ಹದಿನೈದಿಪ್ಪತ್ತು ಮನೆಯವರು ಸೇರಿ ಒಂದೇ ಟ್ಯಾಂಕ್ ಹಾಕಿಸುವುದಾದರೆ ಆಗ ಲೆಕ್ಕ ಹಾಕಿ ನೋಡಬಹುದು.