ತಿಂಗಳ ಕಂತು, ಕಾದು ಕೊಳ್ಳುವುದು, 60:40 ಹಂಚಿಕೆ: ಮೂರನ್ನೂ ಮಾಡಿ ನೋಡಿದೆ

2020ರಲ್ಲಿ ಕೊರೊನಾದಿಂದ ಷೇರು ಮಾರುಕಟ್ಟೆ ಕುಸಿದಾಗ ನನ್ನ ಉಳಿತಾಯ ಮೂರು ಕಡೆ ಇತ್ತು. ಒಂದು ಭಾಗ ಎಸ್‌ಐಪಿ, ತಿಂಗಳು ತಿಂಗಳು ಹೋಗುವ ಕಂತು. ಇನ್ನೊಂದನ್ನು ಮಾರುಕಟ್ಟೆ ನೋಡಿಕೊಂಡು ನಾನೇ ಮಾರುತ್ತಿದ್ದೆ, ಕೊಳ್ಳುತ್ತಿದ್ದೆ. ಮೂರನೆಯದು ಶೇ. 60 ಷೇರು, ಶೇ. 40 ಬಾಂಡ್ (ಸರ್ಕಾರಕ್ಕೋ ಕಂಪನಿಗೋ ಬಡ್ಡಿಗೆ ಕೊಟ್ಟ ಸಾಲದ ಪತ್ರ) ಅಂತ ಹಂಚಿಟ್ಟಿದ್ದು. ಮೂರರಲ್ಲೂ ಷೇರಿನ ಪಾಲು ಎಸ್ ಆಂಡ್ ಪಿ 500, ಅಂದರೆ ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಸೂಚ್ಯಂಕದ ಫಂಡೇ ಆಗಿದ್ದರಿಂದ ಹೋಲಿಸುವುದು ಸುಲಭವಾಯಿತು.

ಕಾದು ಕೊಳ್ಳುವುದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಯಾಕಂದ್ರೆ ಅದನ್ನು ನಾನು ಬಿಟ್ಟುಬಿಟ್ಟೆ. ಫೆಬ್ರವರಿ ಕೊನೆಯಲ್ಲಿ ಎಲ್ಲ ಮಾರಿದೆ. ಮಾರಿದ್ದು ಸರಿಯಾಗಿಯೇ ಇತ್ತು. ಮಾರ್ಚ್ 23ರ ಹೊತ್ತಿಗೆ ಸೂಚ್ಯಂಕ ಫೆಬ್ರವರಿಯ ಎತ್ತರದಿಂದ ಸುಮಾರು ಶೇ. 34 ಬಿದ್ದಿತ್ತು. ಆದರೆ ವಾಪಸ್ ಹೋಗುವುದು ಯಾವಾಗ? ಏಪ್ರಿಲ್‌ನಲ್ಲಿ ಸುದ್ದಿಯೆಲ್ಲ ಕೆಟ್ಟದ್ದೇ, ಅಂಗಡಿ ಫ್ಯಾಕ್ಟರಿ ಎಲ್ಲ ಮುಚ್ಚಿವೆ, ಜನ ಕೆಲಸ ಕಳೆದುಕೊಳ್ಳುತ್ತಿದ್ದಾರೆ, ಮಾರುಕಟ್ಟೆ ಮಾತ್ರ ಏರುತ್ತಿದೆ. ಇದು ನಿಲ್ಲಲ್ಲ, ಇನ್ನೊಂದು ಸಲ ಬಿದ್ದೇ ಬೀಳುತ್ತೆ ಅಂತ ಕಾಯುತ್ತಾ ಕೂತೆ. ಬೀಳಲಿಲ್ಲ. ಆಗಸ್ಟ್‌ಗೆ ಹಳೆಯ ಎತ್ತರ ದಾಟಿತು. ಸೆಪ್ಟೆಂಬರ್‌ನಲ್ಲಿ ಮಾರಿದ ಬೆಲೆಗಿಂತ ಸುಮಾರು ಶೇ. 15 ಜಾಸ್ತಿ ಕೊಟ್ಟು ಕೊಂಡೆ. ಈ ದಾರಿಯಲ್ಲಿ ಎರಡು ಸಲ ಸರಿಯಾಗಿ ಊಹಿಸಬೇಕು, ಎರಡನೆಯದು ಮೊದಲನೆಯದಕ್ಕಿಂತ ತುಂಬಾ ಕಷ್ಟ.

ತಿಂಗಳ ಕಂತಿನ ಲೆಕ್ಕ ನನಗೆ ಈಗಲೂ ಇಷ್ಟ. ಫಂಡಿನ ಒಂದು ಯೂನಿಟ್ ಬೆಲೆ ನಾಲ್ಕು ತಿಂಗಳಲ್ಲಿ 100, 80, 50, 80 ಆಯಿತು ಅಂದುಕೊಳ್ಳಿ. ತಿಂಗಳಿಗೆ 1,000 ಹಾಕಿದರೆ ಒಟ್ಟು 55 ಯೂನಿಟ್ ಸಿಗುತ್ತದೆ, ಅದರ ಬೆಲೆ 4,400. ಹಾಕಿದ್ದು 4,000. ಬೆಲೆ ಶುರುವಿಗಿಂತ ಶೇ. 20 ಕೆಳಗೇ ಇದೆ, ಆದರೂ ಶೇ. 10 ಲಾಭ! ಜಪಾನಿನ ನಿಕ್ಕೇ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಅವತ್ತು ಎಲ್ಲ ದುಡ್ಡನ್ನೂ ಒಟ್ಟಿಗೆ ಹಾಕಿದವರು ಆ ಬೆಲೆ ಮತ್ತೆ ನೋಡೋಕೆ 34 ವರ್ಷ ಕಾಯಬೇಕಾಯಿತು. ಅಲ್ಲಿಂದ ಮುಂದೆ ಕಂತು ಕಟ್ಟುತ್ತಾ ಹೋದವರ ಸರಾಸರಿ ಬೆಲೆ ಅದಕ್ಕಿಂತ ಎಷ್ಟೋ ಕೆಳಗಿತ್ತು.

ಆದರೆ ಕಂತು ಕಟ್ಟೋಕೆ ಸಂಬಳ ಬರಬೇಕು, ಅಲ್ವಾ? ನನಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಏಪ್ರಿಲ್‌ನಲ್ಲಿ ಸಂಬಳ ಅರ್ಧ ಆಯಿತು, ಮೂರು ತಿಂಗಳು ಕಂತು ನಿಲ್ಲಿಸಬೇಕಾಯಿತು. ಯೂನಿಟ್ ಅಗ್ಗವಾಗಿ ಸಿಗುತ್ತಿದ್ದ ತಿಂಗಳುಗಳಲ್ಲೇ ಕೈ ಖಾಲಿ. ಆರ್ಥಿಕತೆ ಅಲುಗಾಡಿದಾಗ ಷೇರು ಬೆಲೆಯೂ ಸಂಬಳವೂ ಒಟ್ಟಿಗೇ ಬೀಳಬಹುದು ಅನ್ನೋದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇನ್ನೊಂದು ವಿಷಯ. ಐದು ವರ್ಷ ಕಟ್ಟಿದ ಮೇಲೆ 60 ಕಂತು ಸೇರಿರುತ್ತದೆ, 61ನೆಯದು ಒಟ್ಟು ಹಾಕಿದ ದುಡ್ಡಿನ ಮುಂದೆ ಶೇ. 2ಕ್ಕಿಂತ ಕಡಿಮೆ. ಗಂಟು ದೊಡ್ಡದಾದಷ್ಟೂ ಕಂತಿನ ಬಲ ಕಡಿಮೆ ಆಗುತ್ತದೆ.

60:40 ಹಂಚಿಕೆಯನ್ನು ಶುರುವಿನಲ್ಲಿ ನಾನು ಅಷ್ಟಾಗಿ ಮೆಚ್ಚಿರಲಿಲ್ಲ. ತಿಂಗಳ ಕೊನೆಗೆ ನೋಡುವುದು, ಷೇರಿನ ಪಾಲು 5 ಅಂಶಕ್ಕಿಂತ ಜಾಸ್ತಿ ಆಚೀಚೆ ಆಗಿದ್ದರೆ, ಅಂದರೆ 55ರ ಕೆಳಗೆ ಇಲ್ಲವೇ 65ರ ಮೇಲೆ ಹೋಗಿದ್ದರೆ, ವಾಪಸ್ 60ಕ್ಕೆ ತರುವುದು, ನಿಯಮ ಇಷ್ಟೇ. ಮಾರ್ಚ್ ಕೊನೆಗೆ ಷೇರಿನ ಪಾಲು ಸುಮಾರು 53ಕ್ಕೆ ಇಳಿದಿತ್ತು. ಬಾಂಡ್ ಮಾರಿ ಷೇರು ಕೊಂಡೆ. ಭಯ ಇತ್ತು, ಆದರೆ ಏನು ಮಾಡಬೇಕು ಅಂತ ಯೋಚಿಸುವ ಕೆಲಸ ಇರಲಿಲ್ಲ, ಮೊದಲೇ ಬರೆದಿಟ್ಟಿದ್ದನ್ನು ಮಾಡಿದೆ. ಮುಖ್ಯವಾಗಿ, ಇದಕ್ಕೆ ಹೊಸ ದುಡ್ಡು ಬೇಕಿರಲಿಲ್ಲ. ಸಂಬಳ ಅರ್ಧ ಆಗುವ ಹೊತ್ತಲ್ಲಿ ಅಗ್ಗದ ಷೇರು ಕೊಳ್ಳೋಕೆ ಆಗಿದ್ದು ಇದೊಂದರಲ್ಲೇ.

60:40ಕ್ಕೂ ಒಂದು ಕೆಟ್ಟ ವರ್ಷ ಬಂತು. 2022ರಲ್ಲಿ ಬೆಲೆಯೇರಿಕೆ ತಡೆಯೋಕೆ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ ಬಡ್ಡಿಯನ್ನು ಸೊನ್ನೆಯ ಹತ್ತಿರದಿಂದ ಶೇ. 4ರ ಮೇಲಕ್ಕೆ ಒಯ್ದಿತು. ಬಡ್ಡಿ ಏರಿದರೆ ಹೊಸ ಬಾಂಡ್ ಜಾಸ್ತಿ ಬಡ್ಡಿ ಕೊಡುತ್ತದೆ, ಹಾಗಾಗಿ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಷೇರು ಸುಮಾರು ಶೇ. 19, ಬಾಂಡ್ ಸುಮಾರು ಶೇ. 13 ಬಿದ್ದವು. ಆಸರೆಗೆ ಅಂತ ಇಟ್ಟಿದ್ದೇ ಕುಸಿದಾಗ ತುಂಬಾ ಬೇಜಾರಾಯಿತು. ಆಮೇಲೆ ಬಾಂಡ್ ಪಾಲನ್ನೆಲ್ಲ ಒಂದೆರಡು ವರ್ಷದಲ್ಲಿ ಮುಗಿಯುವ ಕಡಿಮೆ ಅವಧಿಯ ಬಾಂಡ್‌ಗಳಿಗೆ ಬದಲಾಯಿಸಿದೆ. ಲಾಭ ಸ್ವಲ್ಪ ಕಡಿಮೆ ಸಿಗಬಹುದು, ಆದರೆ ಬಡ್ಡಿ ಶೇ. 1 ಏರಿದರೆ ಇವುಗಳ ಬೆಲೆಗೆ ಬೀಳುವ ಪೆಟ್ಟೂ ಚಿಕ್ಕದು.

ಈಗ ಮೂರರಲ್ಲಿ ಎರಡನ್ನು ಸೇರಿಸಿಬಿಟ್ಟಿದ್ದೇನೆ. ತಿಂಗಳ ಕಂತು ನೇರ 60:40ರ ಒಳಗೇ ಹೋಗುತ್ತದೆ, ಯಾವ ಪಾಲು ಕಡಿಮೆ ಇದೆಯೋ ಅದಕ್ಕೆ. ಮಾರುವ ಅಗತ್ಯ ಅಪರೂಪ ಆಗಿದೆ. ಆರು ತಿಂಗಳ ಖರ್ಚು ಮಾತ್ರ ಇದ್ಯಾವುದಕ್ಕೂ ಸೇರದೆ ಬ್ಯಾಂಕಿನಲ್ಲಿದೆ, ಸಂಬಳ ಇನ್ನೊಮ್ಮೆ ಅರ್ಧ ಆದರೂ ಕಂತು ನಿಲ್ಲಬಾರದು ಅಂತ.