ಇಕಿಟೋಸ್ ಕಡೆ ಜಂಗಲ್ ಲಾಡ್ಜ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಪೆರು ದೇಶದ ಇಕಿಟೋಸ್‌ಗೆ ಮಕ್ಕಳನ್ನ ಕರ್ಕೊಂಡು ಅಮೆಜಾನ್ ಕಾಡು ನೋಡೋಕೆ ಹೋಗೋರು, ದಯವಿಟ್ಟು ‘ಇಕೋ ಲಾಡ್ಜ್’ ಅಂತ ಹೆಸರಿದೆ ಅಂದ್ಕೊಂಡು ಪೂರ್ತಿ ದುಡ್ಡು ಮೊದಲೇ ಕಟ್ಟಬೇಡಿ. ನಾವು ಗಂಡ ಹೆಂಡ್ತಿ, ಮಕ್ಕಳು, ನಮ್ಮತ್ತೆ ಎಲ್ಲಾ ಹೋಗಿ ಪಟ್ಟ ಪಾಡು ಇನ್ನೊಬ್ರಿಗೆ ಬೇಡ.

ಆ ಊರಿಗೆ ಹೊರಗಿಂದ ರಸ್ತೆನೇ ಇಲ್ಲ. ರಾಜಧಾನಿ ಲಿಮಾದಿಂದ ವಿಮಾನ, ಇಲ್ಲಾಂದ್ರೆ ನದಿ ದಾರಿ ಅಷ್ಟೇ. ಲಾಡ್ಜ್‌ಗೂ ಬೋಟಲ್ಲೇ ಹೋಗ್ಬೇಕು, ಆ ಬೋಟು ಲಾಡ್ಜ್‌ನೋರದ್ದೇ, ಅಂದ್ರೆ ಒಂದ್ಸಲ ಒಳಗೆ ಹೋದ್ಮೇಲೆ ಇಷ್ಟ ಆಗ್ಲಿಲ್ಲ ಅಂತ ಎದ್ದು ಬೇರೆ ಕಡೆ ಹೋಗೋ ಹಾಗೇ ಇರಲ್ಲ.

ಬೋಟಲ್ಲಿ ಇದ್ದಿದ್ದು ದೊಡ್ಡೋರ ಲೈಫ್ ಜಾಕೆಟ್ ಮಾತ್ರ, ಚಿಕ್ಕವಳಿಗೆ ಹಾಕಿದ್ರೆ ತಲೆ ಮೇಲಿಂದ ಜಾರ್ಕೊಂಡು ಬರ್ತಿತ್ತು. ನದಿ ತುಂಬಿತ್ತು, ಮರದ ದಿಮ್ಮಿಗಳು ತೇಲ್ಕೊಂಡು ಬರ್ತಿದ್ವು, ಕೇಳಿದ್ರೆ ಬೋಟಿನವನು ಏನೂ ಆಗಲ್ಲ ಅಂತ ಕೈಯಾಡಿಸಿದ. ನಾನು ದಾರಿ ಪೂರ್ತಿ ಅವಳನ್ನ ಅಪ್ಪಿ ಹಿಡ್ಕೊಂಡೇ ಕೂತಿದ್ದೆ.

ರೂಮಿನ ಸೊಳ್ಳೆಪರದೆಯಲ್ಲಿ ಕೈ ತೂರೋಷ್ಟು ತೂತು. ಪೆರುವಿನಲ್ಲಿ ಮಲೇರಿಯಾ ಅತಿ ಹೆಚ್ಚು ಇರೋದೇ ಇಕಿಟೋಸ್ ಇರೋ ಈ ಲೊರೆಟೋ ಭಾಗದಲ್ಲಿ. ಮಲೇರಿಯಾಗೆ ಮಾತ್ರೆ ತಗೊಂಡಿದ್ವಿ ಸರಿ, ಡೆಂಗ್ಯೂಗೆ ಆ ಥರ ಮಾತ್ರೆ ಇಲ್ವಲ್ಲ! ಬೇರೆ ಪರದೆ ಕೊಡಿ ಅಂದ್ರೆ ಫ್ಯಾನ್ ಹಾಕ್ಕೊಳ್ಳಿ ಅಂದ್ರು, ರಾತ್ರಿ ಜನರೇಟರ್ ಆಫ್ ಮಾಡಿದ್ರು. ಅತ್ತೆ ಸೀರೆ ಪಿನ್ನುಗಳನ್ನೆಲ್ಲಾ ತೆಗೆದು ತೂತು ಮುಚ್ಚಿ, ಮಕ್ಕಳ ಪಕ್ಕ ಬೀಸಣಿಗೆ ಬೀಸ್ತಾ ಎಚ್ಚರವಾಗೇ ಇದ್ರು.

ನನಗೆ ಇವತ್ತಿಗೂ ಸಿಟ್ಟು ಬರೋದು ಪ್ರಾಣಿಗಳ ವಿಷಯಕ್ಕೆ. ಕಾಡಲ್ಲಿ ಪ್ರಾಣಿ ತೋರಿಸ್ತೀವಿ ಅಂದಿದ್ರಲ್ಲ, ಅದು ಹಿತ್ತಲಲ್ಲಿ ಕಟ್ಟಿಹಾಕಿದ್ದ ಕೋತಿ, ಡಬ್ಬದೊಳಗಿನ ಅನಕೊಂಡ, ಒಂದು ಮರಿ ಸ್ಲಾತ್ (ಮರದ ಮೇಲೇ ಇರೋ, ತುಂಬಾ ನಿಧಾನವಾಗಿ ಓಡಾಡೋ ಪ್ರಾಣಿ). ಕೋತಿ ಸೊಂಟದ ಸುತ್ತ ಹಗ್ಗ ಉಜ್ಜಿ ಉಜ್ಜಿ ಕೂದಲೇ ಹೋಗಿತ್ತು. ಸ್ಲಾತನ್ನ ಮಗಳ ಕೈಗೆ ಕೊಟ್ಟು ಫೋಟೋ ತೆಗೀರಿ, ಟಿಪ್ಸ್ ಕೊಡಿ ಅಂದ್ರು. ಅದು ನಗ್ತಿದೆ ಅನ್ಸತ್ತೆ ಆದ್ರೆ ಅದರ ಮುಖದ ಆಕಾರನೇ ಹಾಗೆ, ಹೆದರಿದ್ರೂ ಹಾಗೇ ಕಾಣತ್ತೆ. ಮರದ ಮೇಲಿಂದ ವಾರಕ್ಕೊಂದ್ಸಲ ಕೆಳಗಿಳಿಯೋ ಪ್ರಾಣಿನ ದಿನಾ ಬಂದೋರ ಕೈಗೆಲ್ಲಾ ದಾಟಿಸೋದು ಹಿಂಸೆ ಅಲ್ದೆ ಇನ್ನೇನು? ಫೋಟೋಗೆ ದುಡ್ಡು ಕೊಡೋರು ಇರೋವರೆಗೂ ಮರಿಗಳನ್ನ ಹಿಡ್ಕೊಂಡು ಬರ್ತಾನೇ ಇರ್ತಾರೆ.

ಬೇಗ ವಾಪಸ್ ಹೋಗ್ತೀವಿ ಅಂದ್ರೆ ರೀಫಂಡ್ ಇಲ್ಲ, ಮೇಲಿಂದ ಬೋಟಿಗೆ ಬೇರೆ ದುಡ್ಡು (ಅಲ್ಲಿನ ಸೋಲ್) ಕೇಳಿದ್ರು. ಕೊಟ್ಟೇ ಬಂದ್ವಿ. ಅಲ್ಲಿ ಕಾನೂನು ಪ್ರಕಾರ ಗಿರಾಕಿಗಳಿಗೆ ಸೇವೆ ಕೊಡೋರೆಲ್ಲಾ ‘ಲಿಬ್ರೋ ದೆ ರೆಕ್ಲಮಾಸಿಯೋನೆಸ್’ ಅಂತ ದೂರಿನ ಪುಸ್ತಕ ಇಡ್ಲೇಬೇಕು, ನಮಗೆ ಕೊಡ್ಲಿಲ್ಲ. ಇಕಿಟೋಸ್ ಊರಿಗೆ ವಾಪಸ್ ಬಂದು ಐಪೆರು ಅನ್ನೋ ಸರ್ಕಾರಿ ಪ್ರವಾಸಿ ಮಾಹಿತಿ ಕಚೇರಿಯಲ್ಲಿ ಹೇಳಿದ್ವಿ, ಪುಕ್ಕಟೆ ಸಹಾಯ ಮಾಡ್ತಾರೆ, ಬುಕ್ ಮಾಡೋ ಮುಂಚೆನೇ ಅವರನ್ನ ವಿಚಾರಿಸಿ.

ಮಕ್ಕಳ ಸೈಜಿನ ಜಾಕೆಟ್ಟು, ಸೊಳ್ಳೆಪರದೆ ಎರಡನ್ನೂ ವಿಡಿಯೋ ಕಾಲಲ್ಲಿ ತೋರಿಸೋಕೆ ಹೇಳಿ, ಪ್ರಾಣಿ ಸಾಕಿದೀರಾ ಅಂತ ನೇರವಾಗೇ ಕೇಳಿ. ಯೆಲ್ಲೋ ಫೀವರ್ ಲಸಿಕೆ ಕನಿಷ್ಠ 10 ದಿನ ಮುಂಚೆ ಹಾಕಿಸ್ಕೊಂಡು ಕಾರ್ಡ್ ಜೊತೇಲೇ ಇಟ್ಕೊಳ್ಳಿ, ಪೆರುವಿಂದ ಭಾರತಕ್ಕೆ ವಾಪಸ್ ಬರುವಾಗ ಏರ್‌ಪೋರ್ಟಲ್ಲಿ ಅದನ್ನ ಕೇಳ್ತಾರೆ.