ಬೆಂಗಳೂರಲ್ಲಿ ಒಂದೇ ದಿನ ಇದ್ದರೆ ಬಸವನಗುಡಿಯಾ, ಮಲ್ಲೇಶ್ವರವಾ?

ಊರಿಂದ ಬರುವ ನೆಂಟರು "ಬೆಂಗಳೂರಲ್ಲಿ ಒಂದು ದಿನ ಬಿಡುವಿದೆ, ಎಲ್ಲಿಗೆ ಹೋಗೋಣ?" ಅಂತ ಕೇಳಿದರೆ ಹೆಚ್ಚಿನವರು ಯಾವುದಾದರೂ ಮಾಲ್ ಹೆಸರು ಹೇಳಿಬಿಡುತ್ತಾರೆ. ಇಲ್ಲವೇ ವಿಧಾನಸೌಧದ ಮುಂದೆ ಫೋಟೊ ತೆಗೆಸಿಕೊಳ್ಳಿ ಅನ್ನುತ್ತಾರೆ. ವಿಧಾನಸೌಧ ನೋಡಬೇಕು, ಸರಿ. ಆದರೆ ರಸ್ತೆಯಲ್ಲಿ ನಿಂತು ನೋಡಿ ಬರಲು ಎಷ್ಟು ಹೊತ್ತು ಬೇಕು? ಉಳಿದ ದಿನವನ್ನು ಒಂದು ಹಳೇ ಬಡಾವಣೆಯಲ್ಲಿ ನಡೆದಾಡುತ್ತಾ ಕಳೆಯಿರಿ, ಊರು ನಿಜವಾಗಿ ಕಾಣುವುದು ಅಲ್ಲೇ. ಅದಕ್ಕೆ ನನ್ನ ಪಟ್ಟಿಯಲ್ಲಿ ಎರಡೇ ಹೆಸರು: ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ. ಎರಡೂ ಕಡೆ ನೆಂಟರನ್ನು ಕರೆದುಕೊಂಡು ಸುತ್ತಿದ್ದೇನೆ, ಮಂಡಿನೋವಿನ ದೊಡ್ಡವರನ್ನೂ, ಐದು ನಿಮಿಷ ಸುಮ್ಮನಿರದ ಮಕ್ಕಳನ್ನೂ.

ನನ್ನ ತೀರ್ಪು ಮೊದಲೇ ಹೇಳುತ್ತೇನೆ. ಮೊದಲ ಸಲ ಬರುವವರಿಗೆ ಬಸವನಗುಡಿ. ತಿಂಡಿಯಲ್ಲಿ ಮಲ್ಲೇಶ್ವರ ಒಂದು ಹೆಜ್ಜೆ ಮುಂದಿದೆ ಅಂತ ಒಪ್ಪಿಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಎರಡೂ ಹೆಚ್ಚುಕಮ್ಮಿ ಒಂದೇ ವಯಸ್ಸಿನವು. 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬರಬೇಕಾಯಿತು, ಆ ಹೊತ್ತಿನಲ್ಲಿ ಬೆಳೆದ ಬಡಾವಣೆಗಳು ಇವು. ನೇರ ರಸ್ತೆಗಳು, ಗಾಳಿ ಬೆಳಕು, ಸಾಲು ಮರಗಳು, ಮನೆಯ ಹಿಂದೆ ಒಂದು ಗಲ್ಲಿ, ಇದೆಲ್ಲ ಆಗಿನ ಯೋಜನೆ. ಹಳೇ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿವೆ. ಎರಡೂ ಕಡೆ ಅದೇ ಕಥೆ. ಅದಕ್ಕೇ ಹೇಳುವುದು, ಉಳಿದಿರುವಾಗಲೇ ನೋಡಿಬಿಡಿ.

ದೋಸೆಯಿಂದ ಶುರು ಮಾಡೋಣ, ಜಗಳ ಇರುವುದೇ ಅಲ್ಲಿ. ಬಸವನಗುಡಿಯ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು. ಪಂಚೆ ಉಟ್ಟ ಮಾಣಿಗಳು ಒಂದರ ಮೇಲೊಂದು ದೋಸೆ ತಟ್ಟೆ ಪೇರಿಸಿಕೊಂಡು ಒಂದೇ ಕೈಯಲ್ಲಿ ತರುವುದನ್ನು ನೋಡಲಿಕ್ಕೇ ಮಕ್ಕಳು ಕುತ್ತಿಗೆ ಉದ್ದ ಮಾಡುತ್ತಾರೆ. ಗೋಡೆ ಮೇಲೆ ಕನ್ನಡದ ಹಿರಿಯರ ಚಿತ್ರಗಳಿವೆ. ದೋಸೆ ದಪ್ಪ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ನೀರುನೀರಾದ ಚಟ್ನಿ ಧಾರಾಳವಾಗಿ ಸುರಿಯುತ್ತಾರೆ. ಮಲ್ಲೇಶ್ವರದ ಏಳನೇ ಕ್ರಾಸಿನ ಸಿಟಿಆರ್ ಹೋಟೆಲಿಗೆ ಬೋರ್ಡಿನಲ್ಲಿ ಶ್ರೀ ಸಾಗರ್ ಅಂತ ಹೆಸರಿದ್ದರೂ ಯಾರೂ ಹಾಗೆ ಕರೆಯುವುದಿಲ್ಲ. ಅಲ್ಲಿನ ಬೆಣ್ಣೆ ಮಸಾಲೆ ದೋಸೆ ಬಣ್ಣದಲ್ಲೇ ಗೆದ್ದುಬಿಡುತ್ತದೆ. ಕಂದು, ಹೊಳಪು, ಅಂಚಿನಿಂದ ನಡುವಿನವರೆಗೂ ಒಂದೇ ಸಮ ಕೆಂಪಗೆ ಕಾದಿರುತ್ತದೆ. ಪಲ್ಯ ಹದವಾಗಿರುತ್ತದೆ, ಕೊನೇ ತುತ್ತಿಗೂ ಗರಿ ಉಳಿದಿರುತ್ತದೆ.

ಬರೀ ನಾಲಿಗೆಯ ಮಾತು ಕೇಳಿದರೆ ನಾನು ಸಿಟಿಆರ್ ಕಡೆ. ವಿದ್ಯಾರ್ಥಿ ಭವನದ ದೋಸೆ ಆರಿದರೆ ಎಣ್ಣೆ ನಾಲಿಗೆಗೆ ಸಿಗುತ್ತದೆ, ಬಿಸಿಯಿದ್ದಾಗಲೇ ಮುಗಿಸಬೇಕು. ಆದರೆ ಹೊರಗಿನಿಂದ ಬಂದವರಿಗೆ ದೋಸೆಯ ಜೊತೆ ಆ ಹಾಲ್, ಆ ಗಲಾಟೆ, ಹೆಸರು ಬರೆಸಿ ಹೊರಗೆ ನಿಂತಾಗ ಪಕ್ಕದವರೊಂದಿಗೆ ಶುರುವಾಗುವ ಮಾತು, ಅದೆಲ್ಲ ಸೇರಿಯೇ ಬೆಂಗಳೂರು ಅಲ್ವಾ? ಆ ಲೆಕ್ಕದಲ್ಲಿ ವಿದ್ಯಾರ್ಥಿ ಭವನ ಜಾಸ್ತಿ ಕೊಡುತ್ತದೆ. ಎರಡೂ ಕಡೆ ಭಾನುವಾರ ಬೆಳಿಗ್ಗೆ ಒಂಬತ್ತರ ನಂತರ ಹೋದರೆ ಕಾಯುವುದು ಗ್ಯಾರಂಟಿ. ಏಳರ ಆಸುಪಾಸಿಗೆ ಹೋಗಿ. ಮಧ್ಯಾಹ್ನ ಸ್ವಲ್ಪ ಹೊತ್ತು ಎರಡೂ ಮುಚ್ಚಿರುತ್ತವೆ.

ಇಡ್ಲಿ ವಿಚಾರದಲ್ಲಿ ಮಲ್ಲೇಶ್ವರದ ಹದಿನೈದನೇ ಕ್ರಾಸಿನ ವೀಣಾ ಸ್ಟೋರ್ಸ್ ಒಂದು ಕಡೆ, ಬಸವನಗುಡಿ ಪಕ್ಕದ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಇನ್ನೊಂದು ಕಡೆ. ಎರಡೂ ಪುಟ್ಟ ಜಾಗ, ತಟ್ಟೆ ಹಿಡಿದು ರಸ್ತೆ ಬದಿಯಲ್ಲಿ ನಿಂತೇ ತಿನ್ನಬೇಕು. ವೀಣಾದ ಇಡ್ಲಿ ಹೂವಿನಷ್ಟು ಹಗುರ, ಜೊತೆಗೆ ಅಲ್ಲಿನ ಶಾವಿಗೆ ಬಾತ್ ಬಿಡಬೇಡಿ. ಬ್ರಾಹ್ಮಿನ್ಸ್‌ನಲ್ಲಿ ಸಾಂಬಾರ್ ಕೇಳಬೇಡಿ, ಇರುವುದಿಲ್ಲ. ಆ ಚಟ್ನಿ ಇದ್ದ ಮೇಲೆ ಸಾಂಬಾರ್ ನೆನಪೂ ಆಗುವುದಿಲ್ಲ, ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಇಡ್ಲಿಗೆ ವೀಣಾ, ಚಟ್ನಿಗೆ ಬ್ರಾಹ್ಮಿನ್ಸ್, ಇದರಲ್ಲಿ ನನ್ನ ಮನಸ್ಸು ಬದಲಾಗಿಲ್ಲ. ಮಂಡಿನೋವಿನವರು ಜೊತೆಗಿದ್ದರೆ ಎರಡೂ ಕಷ್ಟವೇ. ಅಂಥವರನ್ನು ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಕೂರಿಸಿ ರವೆ ಇಡ್ಲಿ ಕೊಡಿಸಿ. 1924ರಿಂದ ನಡೆಯುತ್ತಿರುವ ಹೋಟೆಲು ಅದು.

ತಿಂಡಿಯಲ್ಲಿ ಮಲ್ಲೇಶ್ವರಕ್ಕೆ ಮಾರ್ಕು ಕೊಟ್ಟಾಯಿತು. ಆದರೆ ತಿಂದಾದ ಮೇಲೆ ಏನು ಮಾಡುತ್ತೀರಿ? ಬಸವನಗುಡಿ ಗೆಲ್ಲುವುದು ಇಲ್ಲೇ.

ಲಾಲ್‌ಬಾಗ್ ಪಕ್ಕದಲ್ಲೇ ಇದೆ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ, ಈಗ 240 ಎಕರೆ. ಹೆಚ್ಚಿನವರು ಗಾಜಿನ ಮನೆ ನೋಡಿ, ಫೋಟೊ ತೆಗೆದು ಹೊರಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿಕ್ಕ ಮಕ್ಕಳೂ ಓಡಿ ಹತ್ತಬಹುದಾದ ಇಳಿಜಾರು. ಮೇಲೆ ನಿಂತರೆ ಒಂದು ಕಡೆ ಮರಗಳ ತಲೆ, ಇನ್ನೊಂದು ಕಡೆ ಕಟ್ಟಡಗಳು. ಈ ಊರು ಏನಾಗಿತ್ತು, ಏನಾಗುತ್ತಿದೆ ಅಂತ ನೆಂಟರಿಗೆ ವಿವರಿಸುವ ಕಷ್ಟವೇ ಇಲ್ಲ. ಬಿಸಿಲೇರುವ ಮುಂಚೆ ಹೋಗಿ, ಹತ್ತು ಗಂಟೆಗೆಲ್ಲ ಕಲ್ಲು ಕಾದಿರುತ್ತದೆ. ಆಗಸ್ಟ್ 15 ಮತ್ತು ಜನವರಿ 26ರ ಸುಮಾರಿಗೆ ಫಲಪುಷ್ಪ ಪ್ರದರ್ಶನ ಇರುತ್ತದೆ. ಹೂವು ಚೆನ್ನಾಗಿರುತ್ತವೆ, ಆದರೆ ಜನಜಂಗುಳಿ. ನಿಮಗೆ ಬೇಕಿರುವುದು ಲಾಲ್‌ಬಾಗ್ ಆದರೆ ಆ ವಾರ ಬೇಡ.

ಮಲ್ಲೇಶ್ವರಕ್ಕೆ ಇದರ ಎದುರು ನಿಲ್ಲಿಸಲು ಸ್ಯಾಂಕಿ ಕೆರೆ ಇದೆ. 1882ರಲ್ಲಿ ಕಟ್ಟಿದ್ದು, ಸುತ್ತ ನಡೆಯುವ ದಾರಿ ಚೊಕ್ಕಟವಾಗಿದೆ, ಸಂಜೆ ಗಾಳಿ ಬಹಳ ಹಿತ. ನನಗೆ ತುಂಬಾ ಇಷ್ಟದ ಜಾಗ. ಆದರೂ ಅದು ಸುತ್ತಮುತ್ತಲಿನವರು ದಿನಾ ವಾಕಿಂಗ್ ಮಾಡುವ ಕೆರೆ. ದೂರದಿಂದ ಬಂದವರು ಒಂದು ಸುತ್ತು ಹಾಕಿ "ಚೆನ್ನಾಗಿದೆ, ಆಮೇಲೆ?" ಅನ್ನುತ್ತಾರೆ.

ದೇವಸ್ಥಾನಗಳಲ್ಲಿ ಮಾತ್ರ ಸ್ಪರ್ಧೆ ಸಮಬಲದ್ದು. ದೊಡ್ಡ ಬಸವಣ್ಣನ ಗುಡಿಯಲ್ಲಿ ಒಂದೇ ಕಲ್ಲಿನ ಬಸವ ಸುಮಾರು 15 ಅಡಿ ಎತ್ತರ, ಎಣ್ಣೆ ಹಚ್ಚಿ ಹಚ್ಚಿ ಕಪ್ಪಗಾಗಿದ್ದಾನೆ. ಕೆಳಗೆ ದೊಡ್ಡ ಗಣಪತಿ. ಬೆಣ್ಣೆ ಅಲಂಕಾರದ ದಿನ ಸಿಕ್ಕರೆ ಅದೃಷ್ಟ. ಪಕ್ಕದಲ್ಲೇ ಬ್ಯೂಗಲ್ ರಾಕ್, ಅಲ್ಲಿನ ಮರಗಳಲ್ಲಿ ಬಾವಲಿಗಳು ನೇತಾಡುತ್ತಿರುತ್ತವೆ. ಕಾರ್ತಿಕ ಮಾಸದ ಕಡೇ ಸೋಮವಾರದ ಹೊತ್ತಿಗೆ ಬಂದರೆ ಕಡಲೆಕಾಯಿ ಪರಿಷೆ. ರಸ್ತೆಯ ಎರಡೂ ಬದಿ ಕಡಲೆಕಾಯಿ ರಾಶಿ, ಹಸಿಯದು, ಹುರಿದದ್ದು, ಬೇಯಿಸಿದ್ದು. ಬೆಂಗಳೂರು ಇವತ್ತಿಗೂ ಹಳ್ಳಿಗಳ ಸಂಬಂಧ ಬಿಟ್ಟಿಲ್ಲ ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ಆ ದಿನಗಳಲ್ಲೇ ಬನ್ನಿ.

ಮಲ್ಲೇಶ್ವರದ ಕಾಡು ಮಲ್ಲೇಶ್ವರ ಇದಕ್ಕಿಂತ ಶಾಂತ. ಶಿವಾಜಿಯ ಮಲತಮ್ಮ ಏಕೋಜಿಯ 1669ರ ಶಾಸನ ಅಲ್ಲಿದೆ. ಎದುರಿಗೇ ದಕ್ಷಿಣಮುಖ ನಂದಿ ತೀರ್ಥ, ನಂದಿಯ ಬಾಯಿಂದ ನೀರು ಕೆಳಗಿನ ಲಿಂಗದ ಮೇಲೆ ಬೀಳುತ್ತಲೇ ಇರುತ್ತದೆ, ಮುಂದೆ ಕಲ್ಯಾಣಿ. ಎಷ್ಟೋ ಕಾಲ ಮಣ್ಣಿನಡಿ ಮುಚ್ಚಿಹೋಗಿದ್ದ ಜಾಗ ಇದು, 1990ರ ದಶಕದ ಕೊನೆಯಲ್ಲಿ ಅಗೆದಾಗ ಹೊರಬಂತು. ನಿಜ ಹೇಳಬೇಕೆಂದರೆ ಈ ಎರಡು ಬಡಾವಣೆಗಳಲ್ಲಿ ಒಂದೇ ಒಂದು ಗುಡಿ ಆರಿಸು ಅಂದರೆ ನಾನು ಆರಿಸುವುದು ಈ ನಂದಿ ತೀರ್ಥವನ್ನೇ. ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ.

ಶಾಪಿಂಗ್ ಬೇಕು ಅನ್ನುವವರಿಗೆ ನನ್ನ ಉತ್ತರ ಮಲ್ಲೇಶ್ವರವೇ. ಎಂಟನೇ ಕ್ರಾಸ್ ಮತ್ತು ಸಂಪಿಗೆ ರಸ್ತೆಯಲ್ಲಿ ಹೂವು, ಬಳೆ, ಸೀರೆ, ಪಾತ್ರೆ, ದೇವರ ಸಾಮಾನು ಎಲ್ಲ ಕೈಗೆಟಕುವ ದೂರದಲ್ಲಿ ಸಿಗುತ್ತವೆ. ಗಾಂಧಿ ಬಜಾರು ಹೂವು ಹಣ್ಣಿಗೆ ಹೆಸರಾದದ್ದು. ಕನ್ನಡ ಪುಸ್ತಕ ಬೇಕಿದ್ದವರಿಗೆ ಅಂಕಿತ ಇದೆ. ಕುರುಕಲು ತಿಂಡಿಗೆ ಸುಬ್ಬಮ್ಮನ ಅಂಗಡಿ ಇದೆ, ಊರಿಗೆ ಒಯ್ಯಲು ಹಪ್ಪಳ, ಕೋಡುಬಳೆ, ಚಟ್ನಿಪುಡಿ ಕಟ್ಟಿಸಿಕೊಳ್ಳಿ.

ದಾರಿ ಹುಡುಕುವುದು ಮಲ್ಲೇಶ್ವರದಲ್ಲಿ ಸುಲಭ. ಕ್ರಾಸುಗಳಿಗೆಲ್ಲ ನಂಬರ್ ಇದೆ, ಸಂಪಿಗೆ ರಸ್ತೆ ಮೆಟ್ರೊದಲ್ಲಿ ಇಳಿದು ಉತ್ತರಕ್ಕೆ ನಡೆದರೆ ನಂಬರ್ ಏರುತ್ತಾ ಹೋಗುತ್ತದೆ. ಆದರೆ ಏಳನೇ ಕ್ರಾಸಿನ ದೋಸೆ, ಹದಿನೈದರ ಇಡ್ಲಿ, ಅದರಾಚೆಯ ಕೆರೆ ಎಲ್ಲ ಒಂದೇ ಉದ್ದ ಗೆರೆಯ ಮೇಲೆ ಬರುವುದರಿಂದ ದೊಡ್ಡವರು ಅರ್ಧಕ್ಕೇ ಸುಸ್ತಾಗುತ್ತಾರೆ, ಆಟೊ ಹುಡುಕಬೇಕಾಗುತ್ತದೆ. ಬಸವನಗುಡಿಯಲ್ಲಿ ತೋಟ, ಬಜಾರು, ಗುಡಿ ಒಂದರ ಸುತ್ತ ಒಂದಿವೆ. ನಡುವೆ ಕೂರಲು ಪಾರ್ಕುಗಳೂ ಇವೆ. ಮಕ್ಕಳು ಹಟ ಹಿಡಿದರೆ, ಯಾರಿಗಾದರೂ ಕಾಲು ಸೋತರೆ, ಪ್ಲ್ಯಾನ್ ಅಲ್ಲೇ ಮೊಟಕು ಮಾಡಿದರೂ ದಿನ ಹಾಳಾಗುವುದಿಲ್ಲ. ನೆಂಟರ ಜೊತೆ ಓಡಾಡುವಾಗ ಇದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು.

ಹಾಗಾಗಿ ನಾನು ಹೇಳುವ ದಾರಿ ಇದು: ಬೆಳಿಗ್ಗೆ ಆರೂವರೆಗೆ ಲಾಲ್‌ಬಾಗ್ ಮೆಟ್ರೊದಲ್ಲಿ ಇಳಿಯಿರಿ, ತೋಟ ಮತ್ತು ಬಂಡೆ ಮುಗಿಸಿ, ಹಸಿವಾದಾಗ ಗಾಂಧಿ ಬಜಾರಿಗೆ ಬಂದು ದೋಸೆ ತಿನ್ನಿ, ಅಲ್ಲಿಂದ ನಿಧಾನಕ್ಕೆ ಬಸವಣ್ಣನ ಗುಡಿ. ಮಧ್ಯಾಹ್ನದ ಮೇಲೂ ಶಕ್ತಿ ಉಳಿದಿದ್ದರೆ ನ್ಯಾಷನಲ್ ಕಾಲೇಜ್ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ನಾಲ್ಕನೇ ಸ್ಟೇಷನ್ನೇ ಸಂಪಿಗೆ ರಸ್ತೆ. ಸಂಜೆ ನೇರ ನಂದಿ ತೀರ್ಥಕ್ಕೆ ಹೋಗಿ, ಬರುವಾಗ ಸಿಟಿಆರ್. ನಿಮ್ಮ ದಿನ ಶುಕ್ರವಾರವಾದರೆ ಮಾತ್ರ ಇದೆಲ್ಲ ಉಲ್ಟಾ ಮಾಡಿ, ದೋಸೆ ಮಲ್ಲೇಶ್ವರದಲ್ಲೇ ತಿಂದು ಹೊರಡಿ, ಯಾಕೆಂದರೆ ಅವತ್ತು ವಿದ್ಯಾರ್ಥಿ ಭವನಕ್ಕೆ ರಜಾ. ಭಾನುವಾರ ಬ್ರಾಹ್ಮಿನ್ಸ್ ಇರುವುದಿಲ್ಲ, ಸೋಮವಾರ ಎಂಟಿಆರ್ ಇರುವುದಿಲ್ಲ.